ಬಾಗಿಲು ಹಿಡಿದು ನಿಂತ ಬೆಣೆ

ಒಂದು ಸರಕು ಹಡಗಿನ ಅಡುಗೆಮನೆಗೆ ತಾನಾಗಿ ಮುಚ್ಚಿಕೊಳ್ಳುವ ಉಕ್ಕಿನ ಬಾಗಿಲಿತ್ತು. ಒಳಗೆ ಬೆಂಕಿ ಬಿದ್ದರೆ ಹೊರಗೆ ಬಿಡದಿರುವುದೇ ಅದರ ಕೆಲಸ. ಎರಡೂ ಕೈಯಲ್ಲಿ ಅನ್ನದ ತಪ್ಪಲೆ ಹಿಡಿದು ಓಡಾಡುವ ಅಡುಗೆಯ ಬೊನಿಫಾಸನಿಗೆ ಅದೊಂದು ಪೀಡೆ. ಅದು ತೆರೆದೇ ಇರಲೆಂದು ಅವನು ಅದರ ಕೆಳಗೆ ಮರದ ಬೆಣೆಯೊಂದನ್ನು ತುರುಕಿದ.

"ನೀನು ಬಂದಮೇಲೆ ನಾನು ಬದುಕಿದೆ ಮಾರಾಯ," ಎಂದು ಬೆಣೆಗೆ ದಿನವೂ ಹೇಳುತ್ತಿದ್ದ.

"ಕೇಳಿದಿರಾ?" ಎಂದಿತು ಬೆಣೆ ಬಾಗಿಲಿಗೆ. "ದಾಟುವವರೆಲ್ಲ ನನ್ನನ್ನು ಹೊಗಳುತ್ತಾರೆ. ನಿಮಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದ್ದುಂಟೆ?"

"ಇಲ್ಲ," ಎಂದಿತು ಬಾಗಿಲು. "ಆದರೆ ಬೆಂಕಿ ಬಂದ ದಿನ ಏನು ಮಾಡುತ್ತೀಯೆ?"

"ಬೆಂಕಿ ಬಂದರೆ ಏನು ಮಾಡಬೇಕೆಂಬ ತಾಲೀಮಿನ ದಿನ ಬೊನಿಫಾಸ್ ನನ್ನನ್ನು ಮೊದಲೇ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಾನೆ. ನೀವು ಸರಿಯಾಗಿಯೇ ಮುಚ್ಚಿಕೊಳ್ಳುತ್ತೀರಿ. ಕಪ್ತಾನರೇ ಭೇಷ್ ಎಂದಿದ್ದಾರೆ. ಇನ್ನೇನು ಬೇಕು?"

ಒಂದು ಮಧ್ಯಾಹ್ನ ಬಾಣಲೆಯ ಎಣ್ಣೆ ಹೊತ್ತಿಕೊಂಡಿತು. ಬೊನಿಫಾಸ್ ಕೂಗುತ್ತ ಹೊರಗೆ ಓಡಿದ. ಬೆಣೆಯ ನೆನಪು ಅವನಿಗಾಗಲಿಲ್ಲ. ಮುಚ್ಚಿಕೊಳ್ಳಲು ಬಾಗಿಲು ಎಷ್ಟು ಹೆಣಗಿದರೂ ಅದಕ್ಕೆ ಕದಲಲಾಗಲಿಲ್ಲ.

ಬೆಂಕಿ ಹೊಸ್ತಿಲಿಗೆ ಬಂದು ಬೆಣೆಯತ್ತ ತುಸು ಬಾಗಿತು.

"ನನಗಾಗಿ ಬಾಗಿಲು ಹಿಡಿದು ನಿಂತಿದ್ದೀಯಲ್ಲ, ಬಹಳ ಉಪಕಾರವಾಯಿತು," ಎಂದು ಹೇಳಿ, ಪಾಳಿ ಮುಗಿಸಿದ ನಾವಿಕರು ಮಲಗಿದ್ದ ಕೋಣೆಗಳ ಕಡೆಗೆ ನಡೆಯಿತು.