ಮಕ್ಕಳು ಬಿಟ್ಟ ಗೊಜ್ಜು

"ಗುರುಗಳೇ, ನನ್ನ ಪ್ರವಚನಕ್ಕೆ ಹಿರಿಯರು ತಲೆದೂಗುತ್ತಾರೆ. ಮಕ್ಕಳು ಮಾತ್ರ ನಡುವೆಯೇ ಎದ್ದು ಹೋಗುತ್ತಾರೆ. ಅವರಲ್ಲಿ ಶ್ರದ್ಧೆ ಹುಟ್ಟಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ದೇವಸ್ಥಾನದಲ್ಲಿ ಒಬ್ಬ ಅಡುಗೆಯವನಿದ್ದ. ಅವನು ಮಾಡುವ ಕಡಲೆಬೀಜದ ಗೊಜ್ಜಿಗೆ ಹರೆಯದಲ್ಲೇ ಹೆಸರು ಬಂದಿತ್ತು. ಊರವರು ಹೊಲದ ಮೊದಲ ಕಡಲೆಕಾಯಿಯನ್ನು ದೇವರಿಗೆ ತಂದೊಪ್ಪಿಸುವರು. ಅವನು ಬೀಜ ಬಿಡಿಸಿ ಹುರಿದು, ಹುಣಿಸೆ, ಬೆಲ್ಲ, ಮೆಣಸಿನಕಾಯಿ ಸೇರಿಸಿ ಅರೆದು ಕುದಿಸುವನು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಹಾಗಾಗಿ ಮೂಗೇ ಅವನಿಗೆ ನಾಲಿಗೆ. ಹುರಿದ ಬೀಜದ ಪರಿಮಳ ಮೂಗಿಗೆ ತಾಕಿದರೆ ಬಾಣಲೆ ಇಳಿಸುವ ಹೊತ್ತಾಯಿತೆಂದು ಅರ್ಥ. ನೈವೇದ್ಯವಾದ ಮೇಲೂ ಅವನು ಗೊಜ್ಜು ಉಣ್ಣುತ್ತಿರಲಿಲ್ಲ. ದಿನವಿಡೀ ಒಲೆಯ ಮುಂದೆ ಬೆಂದವನಿಗೆ ಎರಡು ತುತ್ತು ಮಜ್ಜಿಗೆ ಅನ್ನವೇ ಸಾಕಾಗುತ್ತಿತ್ತು. ಹೀಗೆಯೇ ಅವನ ತಲೆ ನರೆಯಿತು.

ಒಂದು ವರ್ಷ ಬಿರುಗಾಳಿಗೆ ಊರಿನ ಅನಾಥಾಲಯದ ಸೂರು ಹಾರಿಹೋಯಿತು. ಸೂರು ಹೊದಿಸುವ ತನಕ ಇಲ್ಲಿರಲಿ ಎಂದು ಧರ್ಮದರ್ಶಿ ಮಕ್ಕಳನ್ನು ದೇವಸ್ಥಾನದ ಚಾವಡಿಗೆ ಕರೆತಂದ. ಅಡುಗೆಯವನಿಗೆ ಸಂಭ್ರಮವೋ ಸಂಭ್ರಮ. ಮಕ್ಕಳು ಗೊಜ್ಜನ್ನ ಚಪ್ಪರಿಸಿ ಉಣ್ಣುವುದನ್ನು ನೋಡಬೇಕೆಂದು ಮರುದಿನ ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದ.

ಪಂಕ್ತಿ ಕುಳಿತಿತು. ಹಿರಿಯರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಉಂಡು ಎದ್ದರು. ಮಕ್ಕಳು ಬರಿಯ ಅನ್ನವನ್ನು ತಿಂದು, ಗೊಜ್ಜನ್ನು ಎಲೆಯಂಚಿಗೆ ಸರಿಸಿ, ಎಲೆ ಮಡಚಿಟ್ಟರು. ಧರ್ಮದರ್ಶಿ ಒಂದೆರಡು ಎಲೆ ಬಿಡಿಸಿ ನೋಡಿದ. ಮುಖ ಕೆಂಪೇರಿಸಿಕೊಂಡು ಅಡುಗೆಯವನತ್ತ ತಿರುಗಿದ.

"ಭಟ್ಟರೇ, ಪ್ರಸಾದ ಬಿಸಾಡುವ ಮಕ್ಕಳನ್ನು ಇಲ್ಲಿ ಇಟ್ಟುಕೊಳ್ಳಲಾರೆ. ನಾಳೆಯೂ ಹೀಗೇ ಆದರೆ, ಅವರನ್ನು ಕೇಳಿದ ಮನೆಗಳಿಗೆ ಒಬ್ಬೊಬ್ಬರಂತೆ ಹಂಚಿಬಿಡುತ್ತೇನೆ. ಚಾಕರಿ ಮಾಡಿಕೊಂಡಿರಲಿ."

ಅಡುಗೆಯವನಿಗೂ ಸಿಟ್ಟು ಬಂದಿತ್ತು. ದೇವರೇ ಒಪ್ಪಿದ್ದನ್ನು ಈ ಚಿಳ್ಳೆಪಿಳ್ಳೆಗಳು ಒಲ್ಲೆ ಎನ್ನುವುದೇ ಎಂದುಕೊಂಡು ಸೌಟು ಹಿಡಿದೇ ಚಾವಡಿಗೆ ಬಂದ. ಅಲ್ಲಿ ಒಬ್ಬ ಹುಡುಗಿ ತನ್ನ ಪುಟ್ಟ ತಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು ತಟ್ಟುತ್ತಿದ್ದಳು. ಧರ್ಮದರ್ಶಿಯ ಮಾತು ಅವಳ ಕಿವಿಗೂ ಬಿದ್ದಿತ್ತು. ಅಡುಗೆಯವನನ್ನು ಕಂಡೊಡನೆ ತಮ್ಮನನ್ನು ಬಿಗಿಯಾಗಿ ಅವುಚಿಕೊಂಡಳು.

"ನಾಳೆ ಎಲ್ಲಾ ತಿಂತೀವಿ ತಾತ," ಎಂದಳು. "ಇವನ ಪಾಲಿನದೂ ನಾನೇ ತಿಂತೀನಿ. ನಮ್ಮನ್ನ ಬೇರೆ ಬೇರೆ ಮಾಡಬೇಡಿ ಅಂತ ಹೇಳಿ."

ಬೈಯಲೆಂದು ಬಂದವನು ಸೌಟನ್ನು ಕೆಳಗಿಳಿಸಿದ. ತಾನು ಮಾಡಿದ ಗೊಜ್ಜು ಈ ಕೂಸಿಗೆ ಶಿಕ್ಷೆಯಾಗಿತ್ತು.

ಅವನು ಅಡುಗೆಮನೆಗೆ ಮರಳಿದ. ನೈವೇದ್ಯ ಮುಗಿದಿತ್ತು, ರುಚಿ ನೋಡಲು ಅಡ್ಡಿಯಿರಲಿಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಬೆರಳಲ್ಲಿ ಬಳಿದು ನಾಲಿಗೆಗಿಟ್ಟ. ಕಹಿ. ಮತ್ತೊಮ್ಮೆ ನೆಕ್ಕಿದ. ಸೀದು ಕಮರಿದ ಕಹಿ. ಹುಣಿಸೆಯಾಗಲಿ ಬೆಲ್ಲವಾಗಲಿ ಅದನ್ನು ಮುಚ್ಚಿರಲಿಲ್ಲ. ಅವನು ಅಲ್ಲೇ ಕುಸಿದು ಕುಳಿತ. ನಾಚಿಕೆಯಾಯಿತು. ಆದರೆ ಆ ನಾಚಿಕೆಯ ಅಡಿಯಿಂದಲೇ ಏನೋ ಒಂದು ಹುರುಪು ಎದ್ದು ಬಂತು. ತಪ್ಪು ಮಕ್ಕಳದಲ್ಲ, ಬಾಣಲೆಯದು. ಬಾಣಲೆಯ ತಪ್ಪನ್ನು ತಿದ್ದಬಹುದು.

ಬೆಳಗಾಗುವುದನ್ನೇ ಕಾದಿದ್ದು ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬೇರೊಂದು ಒಲೆ ಹೂಡಿದ. ಇದು ದೇವರಿಗಲ್ಲ, ರುಚಿ ನೋಡಿ ಕಲಿಯುವುದಕ್ಕೆ. ಹುಡುಗಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಬಂದು ಬೇಲಿಯ ಬಳಿ ನಿಂತಳು. ಅವನು ಉರಿ ತಗ್ಗಿಸಿ ಬೀಜ ಹುರಿಯತೊಡಗಿದ.

"ಘಮ್ ಅಂತಿದೆ ತಾತ," ಎಂದಳು ಹುಡುಗಿ.

ಅವನ ಕೈ ನಿಂತಿತು. ಅವನ ಮೂಗಿಗೆ ಏನೂ ಬಂದಿರಲಿಲ್ಲ. ಬಾಗಿ ಮೂಸಿದ. ಆಗಲೂ ಇಲ್ಲ. ಬೀಜ ಮಾತ್ರ ಹೊಂಬಣ್ಣಕ್ಕೆ ತಿರುಗಿ, ಸಿಪ್ಪೆ ಸಿಡಿದು ನಿಂತಿತ್ತು. ಒಲೆಯ ಹೊಗೆ ಕುಡಿದು ಕುಡಿದು ತನ್ನ ಮೂಗು ಮಂಕಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಪರಿಮಳ ತನಗೆ ತಾಕುವ ತನಕ ಹುರಿಯುತ್ತ, ವರ್ಷದಿಂದ ವರ್ಷಕ್ಕೆ ಬೀಜವನ್ನು ಕರಕು ಮಾಡುತ್ತ ಬಂದಿದ್ದ. ಅವನು ಥಟ್ಟನೆ ಬಾಣಲೆ ಇಳಿಸಿದ.

ಆಮೇಲೆ ಅವನ ಕೈಗಳಿಗೆ ಹರೆಯ ಬಂತು. ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದ. ಸಿಪ್ಪೆ ಹಾರಿಹೋಗಿ ಹೊಂಬಣ್ಣದ ಬೇಳೆ ಉಳಿಯಿತು. ಅದನ್ನು ಬೆಣ್ಣೆಯ ಹಾಗೆ ನುಣ್ಣಗೆ ಅರೆದ. ಹುಣಿಸೆ ಹುಳಿಯನ್ನು ತೆಳ್ಳಗೆ ಕಿವುಚಿದ. ಬೆಲ್ಲದ ಅಚ್ಚಿನಿಂದ ಒಂದು ಚೂರು ಮುರಿದು, ತಡೆದು, ಇನ್ನೊಂದು ಚೂರು ಮುರಿದ. ಮೆಣಸಿನಕಾಯಿಯ ಬೀಜ ಕೊಡವಿ ಬಣ್ಣಕ್ಕಷ್ಟೇ ಹಾಕಿದ. ಗೊಜ್ಜು ಒಂದು ಕುದಿ ಬಂದೊಡನೆ ಇಳಿಸಿ, ಆರಿಸಿ, ಮೊದಲು ತಾನು ನೆಕ್ಕಿದ. ಕಣ್ಣು ಮುಚ್ಚಿದ. ಹಸಿವೆಂಬುದು ಹೀಗಿರುತ್ತದೆ ಎಂದು ನೆನಪಾಯಿತು. ಎಲೆಯ ತುಂಡಿನ ಮೇಲೆ ಒಂದಿಷ್ಟು ಹಾಕಿ ಹುಡುಗಿಗೆ ಕೊಟ್ಟ. ಅವಳು ಬೆರಳಿನಿಂದ ತಮ್ಮನ ಬಾಯಿಗಿಟ್ಟಳು. ಮಗು ಅಕ್ಕನ ಬೆರಳನ್ನು ಬಿಡಲೇ ಇಲ್ಲ.

ಅವನು ಅಡುಗೆಮನೆಗೆ ಓಡಿದ. ಮಿಂದು ಮಡಿಯುಟ್ಟು, ಹಾಗೆಯೇ ಅಳೆದು, ಹಾಗೆಯೇ ಹುರಿದು, ಈ ಸಲ ಮೂಗನ್ನು ನಂಬದೆ ಬೀಜದ ಬಣ್ಣವನ್ನೇ ನೋಡಿ, ದೇವರ ಪಾತ್ರೆಯಲ್ಲಿ ಗೊಜ್ಜು ಮಾಡಿದ.

ಮಧ್ಯಾಹ್ನ ಎಲೆ ಹಾಕಿದರು. ಧರ್ಮದರ್ಶಿ ಕೈ ಹಿಂದೆ ಕಟ್ಟಿಕೊಂಡು ಸಾಲಿನ ನಡುವೆ ನಡೆಯುತ್ತಿದ್ದ. ಅಡುಗೆಯವನು ಸೌಟು ಹಿಡಿದು ಮಕ್ಕಳ ಕೈಗಳನ್ನೇ ನೋಡುತ್ತಿದ್ದ. ಒಬ್ಬ ಹುಡುಗ ಹೆದರುತ್ತಲೇ ಗೊಜ್ಜನ್ನವನ್ನು ಬಾಯಿಗಿಟ್ಟ. ಪಕ್ಕದವನ ಮುಖ ನೋಡಿದ. ಮರುಗಳಿಗೆ ಇಡೀ ಸಾಲು ಮೈಮರೆತು ಉಣ್ಣುತ್ತಿತ್ತು. ಗಲ್ಲಕ್ಕೆ ಹತ್ತಿತು, ಮೊಣಕೈಗೆ ಇಳಿಯಿತು, ಅಲ್ಲಿಂದಲೂ ನೆಕ್ಕಿದರು. ಮಡಚಿ ಮುಚ್ಚಿಡಲು ಒಂದು ಎಲೆಯಲ್ಲೂ ಏನೂ ಉಳಿಯಲಿಲ್ಲ. ಧರ್ಮದರ್ಶಿ ತಾನೂ ಒಂದು ಎಲೆ ಹಾಕಿಸಿಕೊಂಡು ಕುಳಿತ.

ಆಗ ಹಿರಿಯರ ಸಾಲಿನಿಂದ ಒಂದು ದನಿ ಬಂತು. ತಪ್ಪದೆ ಪಂಕ್ತಿಗೆ ಬರುತ್ತಿದ್ದ ಹಣ್ಣು ಮುದುಕ.

"ಭಟ್ಟರೇ, ಇನ್ನೊಂದು ಚೂರು ಗೊಜ್ಜು ಬಡಿಸ್ತೀರಾ?"

ಅಡುಗೆಯವನು ತಿರುಗಿ ನೋಡಿದ. ಎರಡನೆಯ ಸಲ ಬಡಿಸಿರೆಂದು ಕೇಳುವ ಮಾತು ಅವನ ಕಿವಿಗೆ ಬೀಳದೆ ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಅವನು ಓಡಿಹೋಗಿ ಬಡಿಸಿದ.

ಅನಾಥಾಲಯಕ್ಕೆ ಸೂರು ಬರುವ ತನಕ ಮಕ್ಕಳು ಚಾವಡಿಯಲ್ಲೇ ಉಳಿದರು. ಅಕ್ಕ ತಮ್ಮ ಒಂದೇ ಚಾಪೆಯಲ್ಲಿ ಮಲಗಿದರು. ಅಂದಿನಿಂದ ಅಡುಗೆಯವನು ಎಲ್ಲರದೂ ಮುಗಿದ ಮೇಲೆ ತನಗೂ ಒಂದು ಎಲೆ ಹಾಕಿಕೊಳ್ಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಮಕ್ಕಳಿಗೆ ಹೇಳುವಾಗ ಖಾರ ಕಡಿಮೆ ಮಾಡಿ ಬೆಲ್ಲ ಹೆಚ್ಚು ಹಾಕಬೇಕು."

"ಬೆಲ್ಲದ ಮಾತು ಆಮೇಲೆ," ಎಂದರು ಗುರುಗಳು. "ನೀನು ಬಡಿಸುವುದನ್ನು ನೀನು ಉಂಡು ಎಷ್ಟು ಕಾಲವಾಯಿತು?"