ಬಾಣಂತಿಯ ಸಬ್ಬಸಿಗೆ

“ಗುರುಗಳೇ, ಪದ್ಧತಿಯನ್ನು ಒಂದು ದಿನವೂ ಬಿಡದವನಿಂದ ತಪ್ಪಾಗುವುದುಂಟೇ?” ಎಂದು ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಯ್ಯ ಕೇಳಿದ. “ಎಲೆಗೆ ಮೊದಲು ಪಾಯಸ ಬಡಿಸುವುದು ನಮ್ಮ ಮಠದ ಪದ್ಧತಿ. ಇವತ್ತು ಮುದುಕರೊಬ್ಬರು ಒದ್ದೆ ಪಂಚೆಯಲ್ಲೇ ಬಂದು ಕುಳಿತರು. ಪಾಯಸ ಕಂಡು, ತುತ್ತೂ ಮುಟ್ಟದೆ ಎದ್ದು ಹೋದರು. ನನ್ನ ತಪ್ಪೇನು?”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಅತ್ತೆ, ಸೊಸೆ ಇದ್ದರು. ಸೊಸೆಗೆ ದಿನ ತುಂಬುವ ಎಷ್ಟೋ ಮೊದಲೇ ಅತ್ತೆ ಹಿತ್ತಲಿನಲ್ಲಿ ಸಬ್ಬಸಿಗೆ ಬೀಜ ಚೆಲ್ಲಿದ್ದಳು. ಸಬ್ಬಸಿಗೆ ಬಾಣಂತಿಗೆ ಹಾಲು ಹೆಚ್ಚಿಸುವ ಸೊಪ್ಪು. ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಅದು ಬಾಡುವ ವಾಸನೆ ಬೀದಿಗೆ ಬಂದರೆ, ಮನೆಯಲ್ಲಿ ಕೂಸು ಹುಟ್ಟಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಹೊತ್ತು ತಪ್ಪಿದರೂ ಬಾಣಂತಿಗೆ ಶೀತ ಹಿಡಿಯುತ್ತದೆ ಎಂಬ ನಂಬಿಕೆ ಬೇರೆ.

ಹುಟ್ಟಿದ ಕೂಸು ವಾರ ತುಂಬುವ ಮೊದಲೇ ತೀರಿಕೊಂಡಿತು. ಮಣ್ಣು ಮಾಡಿದ ಮರುದಿನವೂ ಅತ್ತೆ ಎಂದಿನಂತೆ ಸೊಪ್ಪು ಕೊಯ್ದಳು. ಕೂಸಂತೂ ಹೋಯಿತು, ಸೊಸೆಯನ್ನಾದರೂ ಉಳಿಸಿಕೊಳ್ಳಬೇಕು ಎಂಬ ಹಟ ಅವಳದು.

ಸೂಲಗಿತ್ತಿ ಬಂದು, “ಅಕ್ಕಾ, ಸಬ್ಬಸಿಗೆ ನಿಲ್ಸು. ಎದೆಗೆ ಮಲ್ಲಿಗೆ ಮೊಗ್ಗು ಕಟ್ಟು, ಹಾಲು ಬತ್ತಲಿ,” ಎಂದಳು.

“ಬಾಣಂತೀಗೆ ಸಬ್ಬಸಿಗೆ ತಪ್ಪಿಸಿದ ಮನೆ ಅಲ್ಲ ಕಣೆ ಇದು,” ಎಂದಳು ಅತ್ತೆ.

ಸೊಸೆ ಬೇಡ ಎನ್ನಲಿಲ್ಲ. ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡಳು. ಹಾಲು ಕಟ್ಟಿ ಎದೆ ಕಲ್ಲಾಯಿತು, ಕುಪ್ಪಸ ನೆನೆಯಿತು. ಒದ್ದೆ ಕುಪ್ಪಸ ಕಂಡ ಅತ್ತೆ, ಸೊಪ್ಪು ಮೈಗೆ ಹತ್ತುತ್ತಿದೆ ಎಂದು ಸಮಾಧಾನಪಟ್ಟಳು. ಪಾಪ, ಅವಳಿಗೆ ಕಂಡದ್ದು ಅಷ್ಟೇ.

ಒಂದು ಬೆಳಿಗ್ಗೆ ಅವಳು ಹಿತ್ತಲಿಗೆ ಹೋದಾಗ ಸೊಸೆ ಸಬ್ಬಸಿಗೆ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎದೆಯ ಹಾಲನ್ನು ಗಿಡಗಳ ಬುಡಕ್ಕೆ ಹಿಂಡುತ್ತ ಸದ್ದಿಲ್ಲದೆ ಅಳುತ್ತಿದ್ದಳು. ತಾನು ಬಡಿಸಿದ ಒಂದೊಂದು ತುತ್ತೂ ಇವಳಿಗೆ ಇಲ್ಲದ ಕೂಸಿನ ಹಾಲಾಗಿತ್ತು ಎಂದು ಅತ್ತೆಗೆ ಆಗ ತಿಳಿಯಿತು. ಮಡಿಯನ್ನೆಲ್ಲ ಬೇರುಸಹಿತ ಕಿತ್ತು ಹಾಕಿದಳು. ಮಲ್ಲಿಗೆ ತಂದು ತಾನೇ ಕಟ್ಟಿದಳು. ಹಾಲು ಬತ್ತಿತು. ಸೊಸೆ ಮಾತ್ರ ಮತ್ತೆಂದೂ ಅವಳ ಕೈಯ ಊಟ ಉಣ್ಣಲಿಲ್ಲ.

ಕತೆ ಮುಗಿಸಿದ ಗುರುಗಳು ಶಿಷ್ಯನ ಮುಖ ನೋಡಿದರು. ಅವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

“ಒದ್ದೆ ಪಂಚೆ ನಿನಗೂ ಕಂಡಿತ್ತಲ್ಲ, ಮರುಳಯ್ಯ, ಯಾರನ್ನು ಮಣ್ಣು ಮಾಡಿ ಮಿಂದು ಬಂದಿರಿ ಎಂದು ಕೇಳಿದೆಯಾ?”