ಏಳು ಸಲ ತೊಳೆದ ಮೊಟ್ಟೆ

ಹೊಳೆದಂಡೆಯ ಒಂದು ಪ್ರಯೋಗಶಾಲೆಯಲ್ಲಿ ಬೋರಮ್ಮ ಎಂಬ ಗುರು ಹಣ್ಣಿನ ನೊಣ ಸಾಕುತ್ತಿದ್ದರು. ಅವರ ಶಿಷ್ಯೆ ಮುನಿಲಕ್ಷ್ಮಿ.

ಮುನಿಲಕ್ಷ್ಮಿ ಹುಡುಕುತ್ತಿದ್ದದ್ದು ಒಂದೇ ಪ್ರೋಟೀನು. ಜೀವಕೋಶದಲ್ಲಿ ಕೆಟ್ಟುಹೋದದ್ದನ್ನು, ಕೆಲಸ ಮುಗಿದದ್ದನ್ನು ಕತ್ತರಿಸಿ ಗುಡಿಸುವ ಪ್ರೋಟಿಯಸೋಮ್ ಎಂಬ ಯಂತ್ರದ ಒಂದು ತುಂಡು ಅದು. ನೊಣದ ಮೊಟ್ಟೆಗೆ ಆ ತುಂಡಿಗಷ್ಟೇ ಅಂಟುವ ಮದ್ದು ಹಾಕಿ, ಆ ಮದ್ದಿಗೆ ಹಸಿರು ಬಣ್ಣ ಕಟ್ಟುತ್ತಿದ್ದಳು; ಹಸಿರು ಹೊಳೆದಲ್ಲಿ ಅದು ಇದೆ ಎಂದರ್ಥ.

ಆಗತಾನೇ ಇಟ್ಟ ಮೊಟ್ಟೆ. ಭ್ರೂಣದ ವಂಶವಾಹಿಗಳು ಇನ್ನೂ ಕಣ್ಣೇ ತೆರೆದಿಲ್ಲ; ಪ್ರೋಟೀನು ಮಾಡೆಂದು ಹೇಳುವವರೇ ಇಲ್ಲ. ಅದರಲ್ಲೂ ಹಸಿರು.

ಹಿರಿಯ ವಿದ್ಯಾರ್ಥಿ ಶ್ರೀಕಂಠ ನಕ್ಕ. “ಇನ್ನೂ ಹುಟ್ಟದ ಮಗೂಗೆ ಕಸ ಗುಡಿಸೋರು ಬೇರೆ! ಕೊಳೆ ಕಣಮ್ಮಾ ಅದು. ಕೈ ತೊಳ್ಕೊಂಡು ಬಾ.”

ಮುನಿಲಕ್ಷ್ಮಿಯ ತಾಯಿ ಪೇಟೆಯ ಬೀದಿ ಗುಡಿಸುವವಳು. ‘ಕೈ ತೊಳ್ಕೊಂಡು ಬಾ’ ಎಂಬ ಮಾತು ಮಗಳಿಗೆ ಹೊಸದಲ್ಲ. ಹೇಳುವವರ ಕೈ ಎಷ್ಟು ಚೊಕ್ಕ ಎಂದು ಯಾರೂ ಯಾವತ್ತೂ ನೋಡಿರಲಿಲ್ಲ.

ಆದರೂ ತೊಳೆದಳು. ಕೈ ತೊಳೆದಳು, ಮೊಟ್ಟೆ ತೊಳೆದಳು. ಏಳು ಸಲ.

ಮೊಟ್ಟೆಗಳು ಒಡೆದವು. ಹಸಿರು ಹೋಗಲಿಲ್ಲ.

“ಮೇಡಂ, ಎರಡು ವರ್ಷದ ಕೆಲಸ ಮಣ್ಣಾಯ್ತು. ನಾನು ಊರಿಗೆ ಹೋಗ್ತೀನಿ.”

ಬೋರಮ್ಮ ನೊಣದ ಸೀಸೆಯನ್ನು ಅವಳ ಮುಂದಿಟ್ಟರು. “ಮಗೂನ ತಿಕ್ಕಿ ತಿಕ್ಕಿ ಕೊಂದೆ. ತಾಯೀನ ಕೇಳಿದ್ಯಾ?”

“ನೊಣಾನ ಏನಂತ ಕೇಳ್ಲಿ?”

“ಹೊಟ್ಟೆ ಬಗೆದು ಕೇಳು. ಅರ್ಧಕ್ಕೆ ಮದ್ದು, ಬಣ್ಣ ಎರಡೂ ಹಾಕು. ಇನ್ನರ್ಧಕ್ಕೆ ಮದ್ದು ಬಿಟ್ಟು ಬರೀ ಬಣ್ಣ ಹಾಕು. ಕೊಳೆಯಾದ್ರೆ ಎರಡೂ ಹೊಳೀತವೆ.”

ಮುನಿಲಕ್ಷ್ಮಿ ತಾಯಿನೊಣಗಳ ಅಂಡಾಶಯ ಬಿಡಿಸಿದಳು. ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಮದ್ದು ಹಾಕದ ಗಾಜು ಕಪ್ಪಗಿತ್ತು.

ಮದ್ದು ಹಾಕಿದ ಗಾಜಿನಲ್ಲಿ, ಮೊಟ್ಟೆಗೆ ಉಣಿಸುವ ದಾದಿಕೋಶಗಳ ತುಂಬ ಹಸಿರು. ಅವುಗಳ ಪಕ್ಕದಲ್ಲಿ, ತಾಯಿ ಇನ್ನೂ ಇಡದ ಮೊಟ್ಟೆಯೊಳಗೂ ಹಸಿರು.

ಮುನಿಲಕ್ಷ್ಮಿ ನೆಲದ ಮೇಲೆ ಕುಕ್ಕರಿಸಿದಳು. ಅಳುತ್ತಲೇ ನಕ್ಕಳು.

“ಕೊಳೆ ಅಲ್ಲ ಮೇಡಂ! ತಾಯೀನೇ ತುಂಬಿ ಕಳಿಸಿದ್ದಾಳೆ.”

“ಹೂಂ.”

“ಆದ್ರೆ ಮಗು ಇನ್ನೂ ಎದ್ದೇ ಇಲ್ಲ. ಅಷ್ಟು ಬೇಗ ಯಾಕೆ ಬೇಕು ಅದಕ್ಕೆ?”

ಬೋರಮ್ಮ ಸೀಸೆಯ ಬಾಯಿಗೆ ಹತ್ತಿ ತುರುಕಿದರು.

“ಊರು ಏಳೋ ಹೊತ್ತಿಗೆ ನಿಮ್ಮವ್ವ ಎಷ್ಟು ಬೀದಿ ಗುಡಿಸಿರ್ತಾಳೆ?”